ಬೆಟ್ಟದ ಜೇನು, ಗೆಳೆಯನ ಬೆರಳು

ಆ ಬೆಟ್ಟಕ್ಕೆ ನಾನು ಎರಡು ಮುಂದಿನ ಹಲ್ಲು ಕೊಟ್ಟೆ, ನನ್ನ ಗೆಳೆಯ ಬಲಗೈಯ ಎರಡು ಬೆರಳು ಕೊಟ್ಟ. ಹಲ್ಲು ನಾನು ಕೊಡಲೇಬೇಕಾಗಿದ್ದದ್ದು, ಅದರ ಬಗ್ಗೆ ತಕರಾರಿಲ್ಲ. ಬೆರಳೂ ನಾನು ಕೊಡಬೇಕಾಗಿದ್ದದ್ದೇ, ಅವನು ಕೊಟ್ಟ. ಕಾರಣ ಒಂದು ಬಾಟಲಿ ಜೇನು, ಮತ್ತೆ ನನ್ನ ನಾಲಿಗೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕೊಯಮತ್ತೂರಿನಲ್ಲಿ ನೂಲಿನ ದಲ್ಲಾಳಿಯಾಗಿ ತಲೆ ಎತ್ತುತ್ತಿದ್ದೆ. ಅವನು ನಮ್ಮ ಬೀದಿಯ ನೇಕಾರ. ಸೀರೆಯ ಅಂಚಿಗೆ ಅವನ ಕೈಯೇ ಬೇಕೆಂದು ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು. ಮುಂದಿನ ತಿಂಗಳು ಅವನನ್ನು ನೋಡಲು ಹೆಣ್ಣಿನ ಕಡೆಯವರು ಬರುವವರಿದ್ದರು. ನಮ್ಮಲ್ಲಿ ಹುಡುಗನ ಮುಖಕ್ಕಿಂತ ಮೊದಲು ಅವನು ನೇಯ್ದ ಸೀರೆಯನ್ನು ಬಿಡಿಸಿ ನೋಡುತ್ತಾರೆ. ಅದಕ್ಕೆ ಮುಂಚೆ ಬೆಟ್ಟದ ಪೆರುಮಾಳ್ ದೇವರನ್ನು ನೋಡಿ ಬರೋಣ ಎಂದು, ತಮಿಳರ ಪುರಟ್ಟಾಸಿ ತಿಂಗಳ ಒಂದು ಶನಿವಾರ ನನ್ನನ್ನು ಮೆಟ್ಟುಪಾಳ್ಯಂ ಬಸ್ಸಿಗೆ ಹತ್ತಿಸಿದ.

ಬೆಟ್ಟ ಸುಮ್ಮನೆ ಹತ್ತಿಸಿಕೊಳ್ಳಲಿಲ್ಲ. ಹಿಂದಿನ ವಾರದ ಮಳೆಗೆ ಕಲ್ಲುಗಳು ಸಡಿಲಗೊಂಡು ಕಾಲಿಟ್ಟಲ್ಲೆಲ್ಲ ಜಾರುತ್ತಿದ್ದವು. ಮುಳ್ಳು ಕೈಯನ್ನು ಗೀರಿತು. ನಮ್ಮ ತೆಂಗಿನಕಾಯಿಗಾಗಿ ಎರಡು ಗಂಡು ಮಂಗಗಳು ಕಚ್ಚಾಡಿಕೊಂಡವು; ಒಂದರ ಕಿವಿ ಹರಿದು ಜೋತಾಡುತ್ತಿತ್ತು. ನಾನು ನಿಂತು ನಕ್ಕೆ. ಅವನು ನಗಲಿಲ್ಲ.

ದರ್ಶನ ಮುಗಿಸಿ ಅರ್ಧ ಇಳಿದಿದ್ದೆವು. ದಾರಿಬದಿಯ ಬಂಡೆಯ ಹತ್ತಿರ ಒಬ್ಬಾತ ನಮಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು ಜೇನು ಸೋಸುತ್ತಿದ್ದ. ಪಕ್ಕದಲ್ಲಿ ಅವನ ಮಚ್ಚು. ಅವನ ಹೆಂಡತಿ ನಮ್ಮ ಕಡೆ ಮುಖ ಮಾಡಿ ಬಾಟಲಿ ಒರೆಸುತ್ತಿದ್ದಳು. ಬೆಲೆ ಕೇಳಿದೆ. ತಿರುಗದೆ ತಮಿಳಿನಲ್ಲಿ ಹೇಳಿದ. ನಾನು ಅರ್ಧಕ್ಕೆ ಕೇಳಿದೆ. ಅವನು ಸೋಸುತ್ತಲೇ ಇದ್ದ.

ಕೊಯಮತ್ತೂರಿನ ಕನ್ನಡದವರಾದ ನಮ್ಮವರಿಗೆ ಒಂದು ಚಾಳಿ ಇದೆ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಚೌಕಾಸಿಗೆ ಕೂತಾಗ ಮಾತ್ರ ಮನೆಯ ಮಾತನ್ನು ಹೊರಗೆ ತೆಗೆಯುತ್ತೇವೆ. ವ್ಯಾಪಾರಿಯ ಎದುರಿಗೇ ಅವನ ಸರಕನ್ನು, ಅವನ ಮೋರೆಯನ್ನು, ಅವನು ಎಲ್ಲಿಯವರೆಗೆ ಇಳಿದಾನು ಎಂಬುದನ್ನು ಮಾತಾಡಿಕೊಳ್ಳುತ್ತೇವೆ. ತಿರುಪ್ಪೂರಿನ ಎಷ್ಟೋ ಅಂಗಡಿಗಳಲ್ಲಿ ನಾನು ಹೀಗೆ ಗೆದ್ದಿದ್ದೆ.

"ಪಾಕ ಕಲ್ಸಿರೋ ಜೇನು ಡಾ," ಎಂದೆ ಗೆಳೆಯನಿಗೆ. "ಪಕ್ಕದಲ್ಲಿ ಹೆಂಡ್ತೀನ ಕೂರ್ಸಿಕೊಂಡಿರೋದು ನೋಡು. ಮಾರೋಕೆ ತಂದಿರೋದು ಜೇನೋ, ಅವಳೋ."

"ಸುಮ್ನಿರು ಡಾ," ಎಂದ ಗೆಳೆಯ.

ಹೆಣ್ಣಿನ ಕೈ ಬಾಟಲಿಯ ಮೇಲೆ ನಿಂತಿತು. ಗಂಡ ಎದ್ದು ತಿರುಗಿದ.

"ಅಂದೋನು ಯಾರು?"

ಅದು ನಮ್ಮ ಅಜ್ಜಿಯ ಕನ್ನಡ, ಅದೇ ಎಳೆತ. ಬೆಟ್ಟದ ಬುಡದ ಹಳ್ಳಿಗಳಲ್ಲಿ ಕನ್ನಡದ ಒಕ್ಕಲು ಮನೆಗಳಿವೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ತಮಿಳಿನಲ್ಲಿ ಬೆಲೆ ಹೇಳಿದನಲ್ಲ, ತಮಿಳನೇ ಇರಬೇಕು ಎಂದುಕೊಂಡಿದ್ದೆ. ಅವನೂ ನನ್ನ ಹಾಗೆ ಹೊಸ್ತಿಲಾಚೆ ತಮಿಳಾಡುವವನು ಎಂದು ಹೊಳೆಯಲಿಲ್ಲ.

"ಕೇಳ್ತಾ ಇದೀನಿ. ಯಾರು?"

ನಾನು ಜೇನಿನ ಬಾಟಲಿಯನ್ನೇ ನೋಡುತ್ತ ನಿಂತೆ. ನಾನು ತಪ್ಪಾಯಿತು ಎನ್ನುವ ಜಾತಿಯವನಲ್ಲ ಎಂದು ಗೆಳೆಯನಿಗೆ ಗೊತ್ತಿತ್ತು.

"ನಾನೇ ಅಣ್ಣಾ," ಎಂದ ಅವನು. "ಬಾಯಿ ತಪ್ಪಿ ಬಂದ್ಬಿಡ್ತು. ಮನಸ್ಸಲ್ಲಿ ಇಟ್ಕೋಬೇಡಿ."

ಮೊದಲ ಏಟಿಗೇ ಗೆಳೆಯ ಬಂಡೆಗೆ ಬಡಿದು ಬಿದ್ದ. ಆತ ಎದೆಯ ಮೇಲೆ ಮಂಡಿಯೂರಿ ಮುಖಕ್ಕೆ ಗುದ್ದತೊಡಗಿದ. ಒದ್ದೆ ಬಟ್ಟೆ ಒಗೆಯುವ ಸದ್ದು. ಆಗ ನಾನು ಹಿಂದಿನಿಂದ ಆತನ ಕುತ್ತಿಗೆ ಹಿಡಿದು ಎಳೆದೆ. ಅವನ ಮೊಣಕೈ ನನ್ನ ಬಾಯಿಗೆ ಬಿತ್ತು. ಹಲ್ಲೆರಡು ಹುಣಸೆಬೀಜದಂತೆ ನಾಲಿಗೆಯ ಮೇಲೆ ಉರುಳಿದವು. ರಕ್ತದ ರುಚಿಗೆ ನನಗೆ ಹುಚ್ಚೇ ಹಿಡಿಯಿತು. ಕಲ್ಲೆತ್ತಿ ಅವನ ಕಿವಿಯ ಮೇಲೆ ಜಜ್ಜಿದೆ, ಮತ್ತೊಮ್ಮೆ ಜಜ್ಜಿದೆ. ಅವನು ಮಚ್ಚು ಹಿಡಿದು ಎದ್ದ. ಬೀಸಿದ್ದು ನನ್ನ ಮೇಲೆ. ನಡುವೆ ಏಳುತ್ತಿದ್ದ ಗೆಳೆಯ ಬಲಗೈ ಅಡ್ಡ ಹಿಡಿದ.

ಒಂದು ಬೆರಳು ಹುಲ್ಲಿನಲ್ಲಿ ಬಿತ್ತು. ಇನ್ನೊಂದು ತೊಗಲಿನಲ್ಲಿ ತೂಗುತ್ತಿತ್ತು.

ಆ ಹೆಂಗಸು ಗಂಡನ ಕೈಯಿಂದ ಮಚ್ಚು ಕಿತ್ತು ಕಮರಿಗೆ ಎಸೆದಳು. "ಆಗಿಂದ ಕೂಗ್ತಾ ಇದೀನಿ, ಇವ್ರಲ್ಲ ಅಂತ. ನಿನ್ ಕಿವಿಗೆ ಬಿದ್ರೆ ತಾನೇ." ಸೆರಗು ಹರಿದು ಗೆಳೆಯನ ಮಣಿಕಟ್ಟಿಗೆ ಬಿಗಿದಳು. ನಾನು ಚೌಕಾಸಿ ಮಾಡಿದ್ದ ಅದೇ ಬಾಟಲಿಯ ಜೇನನ್ನು ಗಾಯದ ಮೇಲೆ ಸುರಿದಳು. ಆಮೇಲೆ ನನ್ನತ್ತ ನೋಡಿದಳು.

"ಬಾಯಿ ನಿಂದು, ಕೈ ಇವ್ರದು. ಚೆನ್ನಾಗಿದೆ ಯಾಪಾರ."

ಗಂಡ ತನ್ನ ಕಿವಿಯ ರಕ್ತ ಒರೆಸಿಕೊಳ್ಳದೆ ಗೆಳೆಯನನ್ನು ಬೆನ್ನ ಮೇಲೆ ಹಾಕಿಕೊಂಡು ಬುಡದವರೆಗೂ ಹೊತ್ತ. ಇಬ್ಬರ ರಕ್ತವೂ ಅವನ ಹೆಗಲಲ್ಲಿ ಕೂಡಿ ಇಳಿಯುತ್ತಿತ್ತು. ಕೋಸಿನ ಮೂಟೆ ತುಂಬಿದ ಲಾರಿಯೊಂದನ್ನು ಅಡ್ಡಗಟ್ಟಿ ನಮ್ಮನ್ನು ಹತ್ತಿಸಿದ. "ಕೇಳ್ದಾಗ ನೀನೇ 'ನಾನು' ಅಂದಿದ್ರೆ, ಎರಡೇಟು ಹಾಕಿ ಬಿಟ್ಬಿಡ್ತಿದ್ದೆ," ಎಂದು ನನಗೆ ಹೇಳಿ ತಿರುಗಿ ಹೋದ.

ಮೂಟೆಗಳ ಮೇಲೆ ಮಲಗಿದ ಗೆಳೆಯ ಊದಿದ ತುಟಿಯಲ್ಲಿ ಗೊಣಗಿದ: "ಒಳ್ಳೇ ಜೇನು ಡಾ ಅದು. ಪಾಕ ಇಲ್ಲ."

ಆಸ್ಪತ್ರೆಯಲ್ಲಿ ಅವನು ಕೈಯ ಮೇಲೆ ಕಲ್ಲು ಉರುಳಿತು ಎಂದ. ಬೀದಿಯಲ್ಲೂ ಅದನ್ನೇ ಹೇಳಿದ. ಹೆಣ್ಣಿನವರು ಬಂದರು, ಸೀರೆ ಬಿಡಿಸಿ ನೋಡಿದರು, ಕಟ್ಟು ಹಾಕಿದ ಕೈ ನೋಡಿದರು, ಕಾಫಿ ಕುಡಿದು ಎದ್ದರು. ಮಗ್ಗದ ಲಾಳಿ ಅವನ ಕೈಯಲ್ಲಿ ಮತ್ತೆ ನಿಲ್ಲಲಿಲ್ಲ. ನಾನು ಅಂಗಡಿ ಹಾಕಿದಾಗ ಅವನನ್ನು ಜೊತೆಗೆ ಕೂರಿಸಿಕೊಂಡೆ. ಎಂಥ ದೊಡ್ಡ ಮನಸ್ಸು ಎಂದು ಬೀದಿ ನನ್ನನ್ನು ಹೊಗಳಿತು. ಆ ಹೊಗಳಿಕೆಯನ್ನೂ ಜೇಬಿಗೆ ಹಾಕಿಕೊಂಡೆ.

ಬೆಂಗಳೂರಿಗೆ ಸರಕು ಕಳಿಸುವ ಕಾಲ ಬಂದಾಗ ಕನ್ನಡ ಅಕ್ಷರ ಕಲಿತೆ. ಗೆಳೆಯನಿಗೆ ಅದನ್ನು ಓದಲು ಬರುವುದಿಲ್ಲ, ಬೀದಿಯಲ್ಲಿ ಹೆಚ್ಚಿನವರಿಗೂ ಬರುವುದಿಲ್ಲ. ಇದನ್ನೆಲ್ಲ ಬರೆದು ಮುಚ್ಚಿಟ್ಟರೆ ಯಾರಿಗೂ ತಿಳಿಯದು. ಅದಕ್ಕೇ ಈ ಶನಿವಾರ ಜಗಲಿಯಲ್ಲಿ, ಎಲ್ಲರ ಎದುರು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಇದನ್ನು ಓದುವವನಿದ್ದೇನೆ.

ನಿಮಗೆ ಹೇಳುವುದು ಇಷ್ಟು. ಬೆಟ್ಟಕ್ಕೆ ಹೋಗುವಾಗ ಒಂದು ಗಟ್ಟಿ ಪಂಚೆ ಹೆಚ್ಚಿಗೆ ಇಟ್ಟುಕೊಳ್ಳಿ. ರಕ್ತ ಸುರಿದರೆ ಒತ್ತಿ ಬಿಗಿದು ಕಟ್ಟಿ, ಕೈಯನ್ನು ಎದೆಗಿಂತ ಮೇಲೆ ಹಿಡಿಸಿ. ಎದುರಿಗೆ ಕೂತವನಿಗೆ ನಿಮ್ಮ ಮನೆಯ ಮಾತು ಬರುತ್ತದೆ ಎಂದುಕೊಂಡೇ ಬಾಯಿ ತೆರೆಯಿರಿ, ಬೆಲೆ ಎಷ್ಟು ಬೇಕಾದರೂ ಜಗ್ಗಿ, ಮನುಷ್ಯರನ್ನು ಬಿಟ್ಟುಬಿಡಿ. ಅಷ್ಟಾದ ಮೇಲೂ ನಾಲಿಗೆ ಜಾರಿ, ಯಾರು ಅಂದದ್ದು ಎಂದು ಯಾರಾದರೂ ಕೇಳಿದರೆ, ಪಕ್ಕದವನು ಬಾಯಿ ತೆರೆಯುವ ಮೊದಲೇ ನಾನು ಎಂದುಬಿಡಿ. ಎರಡೇಟಿನಲ್ಲಿ ಮುಗಿಯುತ್ತದೆ.