ಪರವಾನಗಿ ಇಲ್ಲದ ರೋಜಾ

ಎಂಬತ್ತರ ದಶಕದ ಕೊನೆಯ ಒಂದು ವರ್ಷ, ನಿಪ್ಪಾಣಿಯ ನಮ್ಮ ಮನೆಯಲ್ಲಿ ನಾನು ರೋಜಾ ಹಿಡಿದೇ ಗಂಡನ ಮೇಲೆ ಹಗೆ ಸಾಧಿಸಿದೆ. ಅಲ್ಲಾನಿಗಾಗಿ ಹಿಡಿಯುವ ಉಪವಾಸವನ್ನು ಹೀಗೆ ಬಳಸಿದ್ದಕ್ಕೆ ಇವತ್ತಿಗೂ ತೌಬಾ ಕೇಳುತ್ತೇನೆ. ಆದರೆ ಆಗ ನನಗೆ ಬೇರೆ ದಾರಿ ತೋಚಿರಲಿಲ್ಲ.

ಚೊಚ್ಚಲ ಹೆರಿಗೆಗೆ ರಾಯಬಾಗದ ಕಡೆಯ ತವರಿಗೆ ಹೋಗಿದ್ದೆ. ರಂಜಾನಿಗೆ ಇನ್ನೆರಡು ದಿನವಿರುವಾಗ ಹೆಣ್ಣು ಕೂಸು ಹುಟ್ಟಿತು. ನನ್ನ ಗಂಡ ಟೇಲರ್. ಈದ್ ಹಬ್ಬದ ಬಟ್ಟೆಗಳು ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಶುಕ್ರವಾರ ಬರುತ್ತೇನೆಂದು ಹೇಳಿ ಕಳಿಸಿದರು. ಕೂಸು ಶುಕ್ರವಾರದ ತನಕ ಕಾಯಲಿಲ್ಲ, ಮೂರನೆಯ ದಿನ ತೀರಿಕೊಂಡಿತು. ಸುದ್ದಿ ತಿಳಿದು ಅವರು ಬಂದಾಗ ಅದಕ್ಕೆ ಕಫನ್ ಬಟ್ಟೆ ಸುತ್ತಿಯಾಗಿತ್ತು. ನಮ್ಮಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಗಂಡಸರು ಒಯ್ದರು. ನನ್ನ ಗಂಡ ತಿರುಗಿ ಬಂದು, ಕೈಯ ಮಣ್ಣು ತೊಳೆದು, ಹೊಸ್ತಿಲಾಚೆಯೇ ನಿಂತು, "ಅಲ್ಲಾ ಇಡಾಕ ಕೊಟ್ಟ ಅಮಾನತ್ತು, ಅವನ ತಗೊಂಡ. ಸಬರ್ ಮಾಡು, ತಡಕೋ" ಅಂದರು. ಎಲ್ಲಿ ಇಟ್ಟಿರಿ ಎಂದು ಕೇಳಿದೆ. ಮುಖ ತಿರುಗಿಸಿ ಹೊರಟೇಹೋದರು.

ನಿಪ್ಪಾಣಿಗೆ ಮರಳಿದ ಮೇಲೂ ಅದೇ. ಐದು ಹೊತ್ತಿನ ನಮಾಜು ಹಿಂದೆಯೂ ಮಾಡುತ್ತಿದ್ದರು. ಈಗ ಅಂಗಡಿ ಬಿಟ್ಟರೆ ಮಸೀದಿ, ಮಸೀದಿ ಬಿಟ್ಟರೆ ಅಂಗಡಿ. ಕೂಸಿನ ಮಾತೆತ್ತಿದರೆ ಸಬರ್ ಎನ್ನುವರು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಮಾತೇ ಆಡದವನ ಜೊತೆ ಜಗಳ ಹೇಗೆ ಆಡುವುದು? ಆ ಮನುಷ್ಯನಿಗೆ ಎದೆಯಲ್ಲಿ ಕಲ್ಲಿದೆ ಎಂದೇ ನಂಬಿದೆ. ಅವರನ್ನು ದ್ವೇಷಿಸಿದೆ.

ಬಾಣಂತನದಿಂದ ಇಡೀ ರಂಜಾನ್ ತಪ್ಪಿತ್ತು. ಬಿಟ್ಟ ಮೂವತ್ತು ರೋಜಾಗಳನ್ನು ಆಮೇಲೆ ತೀರಿಸಬೇಕು, ಅದಕ್ಕೆ ಖಜಾ ಎನ್ನುತ್ತೇವೆ. ಅದಕ್ಕೆ ಯಾರೂ ಅಡ್ಡ ಬರುವಂತಿಲ್ಲ. ನಾನು ಹಿಡಿದೆ. ಮಧ್ಯಾಹ್ನ ಅವರು ಊಟಕ್ಕೆ ಬಂದರೆ ರೊಟ್ಟಿ ಬಡಿಸಿ ಎದ್ದುಬಿಡುವುದು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಅವರು ಮಸೀದಿಯಲ್ಲಿ. ಒಟ್ಟಿಗೆ ಒಂದು ತುತ್ತು ತಿನ್ನುವ ಪ್ರಸಂಗವೇ ಇಲ್ಲ. ಮೂವತ್ತು ಮುಗಿದವು. ನಾನು ನಿಲ್ಲಿಸಲಿಲ್ಲ. ಕೇಳಿದರೆ ಖಜಾ ಇನ್ನೂ ಬಾಕಿ ಎಂದೆ.

ಅತ್ತೆಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರಿದ್ದಾರೆ? ನಾನು ನಡುವೆ ಮುಟ್ಟಿಗೆಂದು ಬಿಟ್ಟ ದಿನಗಳನ್ನು ಕಳೆದು, ಅವರು ತಮ್ಮ ಬೀಡಿ ಕಟ್ಟುವ ದಾರಕ್ಕೆ ರೋಜಾಕ್ಕೊಂದರಂತೆ ಗಂಟು ಹಾಕುತ್ತ ಬಂದಿದ್ದರು. ಒಂದು ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬಂದು ಕೂತಾಗ ಅತ್ತೆ ಬೀಡಿ ಎಲೆಯ ಮೊರವನ್ನು ಪಕ್ಕಕ್ಕೆ ಸರಿಸಿ, ಆ ದಾರವನ್ನು ನನ್ನ ಮುಂದೆ ಎಸೆದರು.

"ಎಣಸು. ಮೂವತ್ತೇಳ ಅದಾವ. ಇವು ಖಜಾ ಅಲ್ಲ, ನಿನ್ನ ಖುಷೀಲೆ ಹಿಡಿಯೋ ನಫಿಲ್. ಗಂಡ ಮನ್ಯಾಗಿದ್ದಾಗ ಅವನ ಪರವಾನಗಿ ಇಲ್ದ ನಫಿಲ್ ರೋಜಾ ಹಿಡೀಬಾರದು. ಗುನಾ ಐತಿ."

ತಂಬಿಗೆ ತುಂಬ ನೀರು ತಂದು ನನ್ನೆದುರು ಇಟ್ಟರು. "ಕುಡಿ." ಆಮೇಲೆ ಮಗನ ಕಡೆ ತಿರುಗಿದರು. "ನೀ ಹೇಳು ಬೇಟಾ. ಪರವಾನಗಿ ಕೊಟ್ಟೀಯೇನು?"

ನನ್ನ ಮನಸ್ಸಿನಲ್ಲಿ ಒಂದೇ ನಿರ್ಧಾರ: ಇವರು ಇಲ್ಲ ಅಂದರೆ ಈ ನೀರು ಕುಡಿದು, ಸಂಜೆಯ ಬಸ್ಸಿಗೆ ತವರಿಗೆ. ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅವ್ವ ಬಾಗಿಲಲ್ಲೇ ನಿಲ್ಲಿಸಿದರೂ ಸರಿ. ಇವರು ಅಳತೆಯಲ್ಲಿ ಅರ್ಧ ಇಂಚಿನ ಸುಳ್ಳನ್ನೂ ಹೇಳದ ಮನುಷ್ಯ. ಉತ್ತರ ನನಗೆ ಗೊತ್ತಿತ್ತು. ತಂಬಿಗೆಗೆ ಕೈ ಹಾಕಿದೆ.

"ಕೊಟ್ಟೀನಮ್ಮಾ," ಅಂದರು.

ಅತ್ತೆ ಮಗನ ಮುಖವನ್ನೇ ನೋಡಿದರು. ಆಮೇಲೆ ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ಹೋದರು.

ನಾನು ಒಳಕೋಣೆಗೆ ಓಡಿದೆ. ಗಂಡ ಹಿಂದೆಯೇ ಬಂದರು.

"ಸುಳ್ಳ ಯಾಕ ಹೇಳಿದ್ರಿ?"

"ನೀ ಮೂವತ್ತೊಂದನೇದು ಹಿಡಿದಾಗನ ನನಗ ಗೊತ್ತಾಗಿತ್ತು." ಮಂಚದ ಅಂಚಿಗೆ ಕೂತರು. "ಖಬರಸ್ತಾನದ ಪಡುವಣ ಗ್ವಾಡಿ ಐತಲ್ಲ, ಬೇವಿನ ಗಿಡದ ಬಾಜೂಕ ಕೂಸಿನ್ನ ಇಟ್ಟೀನಿ. ನಾನ ಇಳಿದು ಇಟ್ಟೆ. ಅಂಗಡ್ಯಾಗಿನ ಒಂದು ಅರಿವಿ ಪಿಂಡಿಯಷ್ಟೂ ಭಾರ ಇರಲಿಲ್ಲ. ಆವತ್ತ ಹೇಳಿದ್ರ ನಿನ್ನ ಮುಂದ ಬಿದ್ದು ಅಳತಿದ್ದೆ."

ಇಷ್ಟು ದಿನ ನಾನು ಕೇಳಬೇಕೆಂದು ಹಾತೊರೆದದ್ದು ಇದನ್ನೇ.

ಆಮೇಲೆ ಅವರೇ ಕೇಳಿದರು, ಹೆದರಿ ಹೆದರಿ: "ನಾ ಬಂದಾಗ ಕಣ್ಣು ಮುಚ್ಚಿತ್ತು. ನೀ ಮೂರು ದಿನ ನೋಡೀದಿ. ಕಣ್ಣು ಬಿಟ್ಟಾಗ ಯಾರ ಹಂಗ ಕಾಣತಿತ್ತು?"

ಶುಕ್ರವಾರ ಬರುತ್ತೇನೆಂದು ಅಂಗಡಿಯಲ್ಲೇ ಕೂತಿದ್ದಕ್ಕೆ ಈ ಮನುಷ್ಯ ತನ್ನನ್ನು ತಾನು ಕ್ಷಮಿಸಿಲ್ಲವೆಂದು ಆಗ ಹೊಳೆಯಿತು. ಕೂಸಿನ ಕಣ್ಣುಗಳು ನಮ್ಮವ್ವನ ಕಣ್ಣಿನಂತೆಯೇ ಇದ್ದವು. ನೋಡಿದವರೆಲ್ಲ ಹಾಗೇ ಅಂದಿದ್ದರು.

"ನಿಮ್ಮ ಹಂಗ ಇತ್ತರಿ," ಅಂದೆ.

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು, ಮದುವೆಯಾದ ಮೇಲೆ ಮೊದಲ ಸಲ. ಅತ್ತೆಗೆ ಕೇಳಿಸದಿರಲಿ ಎಂದು ನಾನು ಹೋಗಿ ಬಾಗಿಲು ಹಾಕಿದೆ.