ಯಜಮಾನರಿಗೊಂದು ಗೇಮ್ ಕಂಟ್ರೋಲರ್

ನನ್ನ ಗಂಡ ತುಳುವಿನಲ್ಲಿ ಪಿಸುಗುಟ್ಟಿದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ನಾನು ಮೈಸೂರಿನವಳು, ಅವರು ಉಡುಪಿ ಕಡೆಯವರು. ಡೊಂಬಿವಲಿಯ ನಮ್ಮ ಮನೆಯಲ್ಲಿ ನಡೆಯುವುದು ಕನ್ನಡ (ಜಗಳ ಜೋರಾದರೆ ಹಿಂದಿ). ತುಳು ಹೊರಗೆ ಬರುವುದು ಊರಿನಿಂದ ಅತ್ತೆ ಫೋನ್ ಮಾಡಿದಾಗ, ಇಲ್ಲವೇ ನನಗೆ ತಿಳಿಯಬಾರದ್ದೇನೋ ಇದ್ದಾಗ. ಅವತ್ತು ಅತ್ತೆಯ ಫೋನಲ್ಲ. ಗ್ಯಾಲರಿಯಲ್ಲಿ ಒಣಗಲು ಹಾಕಿದ ಬಟ್ಟೆಗಳ ಹಿಂದೆ ನಿಂತು, ಬದಲಾಪುರದಲ್ಲಿ ಹೋಟೆಲ್ ಇಟ್ಟುಕೊಂಡಿರುವ ಗೆಳೆಯ ಶೆಟ್ಟರ ಹತ್ತಿರ ಮಾತಾಡುತ್ತಿದ್ದರು. ಕೊನೆಯ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಆಳೆಡ ಪನೊಡ್ಚಿ."

ಅವಳ ಹತ್ತಿರ ಹೇಳಬೇಡಿ! ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಅಷ್ಟು ತುಳುವಾದರೂ ಬಾರದೇ ಇರುತ್ತದೆಯೇ?

"ಏನ್ರೀ ಅದು?" ಎಂದೆ.

"ಎಂತ ಇಲ್ಲ ಮಾರಾಯ್ತಿ. ಆಫೀಸಿಂದು."

ಇವರು ಕೆಲಸ ಮಾಡುವ ನವಿಮುಂಬೈಯ ಫೈನಾನ್ಸ್ ಕಂಪನಿಗೂ ಬದಲಾಪುರದ ಇಡ್ಲಿ ವಡೆಗೂ ಏನು ಸಂಬಂಧ? ಸಂಶಯ ಬಂದಾಗ ಜಗಳ ತೆಗೆಯುವವಳು ದಡ್ಡಿ. ಕಾದು ನೋಡುವವಳು ಹೆಂಡತಿ.

ಶನಿವಾರ ಯಜಮಾನರು ಶರ್ಟು ಇಸ್ತ್ರಿ ಮಾಡಿಕೊಂಡು "ಥಾಣೆಗೆ ಹೋಗಿ ಬರ್ತೇನೆ" ಎಂದರು. ನಾನೂ ಸೀರೆಯುಟ್ಟು ಬಂದು ನಿಂತೆ. ಬ್ಲೌಸ್ ಪೀಸ್ ತಗೋಬೇಕು ಎಂದೆ. ಅವರ ಮುಖ ಸಣ್ಣಗಾಯಿತು. ಪ್ಲ್ಯಾಟ್‌ಫಾರ್ಮಿನಲ್ಲಿ ಫಾಸ್ಟ್ ಲೋಕಲ್ ಬರುವ ಹೊತ್ತಿಗೆ ಬಾಯಿಬಿಟ್ಟರು.

"ನಗ್ಬಾರ್ದು. ಗೇಮ್ ಕಂಟ್ರೋಲರ್ ತಕ್ಕೊಳ್ಳಿಕ್ಕೆ ಉಂಟು."

ನಾನು ನಗಲಿಲ್ಲ. ಇನ್ನೂ ಹೆಚ್ಚು ಸಂಶಯಪಟ್ಟೆ.

ಮಗ ಪುಣೆಯ ಹಾಸ್ಟೆಲ್ಲಿಗೆ ಹೋಗುವಾಗ ಹಳೆಯ ಕಂಪ್ಯೂಟರ್ ಬಿಟ್ಟುಹೋಗಿದ್ದ. ಅದರಲ್ಲೊಂದು ಬೈಕ್ ಆಟವಿದೆ. ಅದು ರೇಸಲ್ಲ. ಹಲಗೆ, ಡ್ರಮ್ಮು, ಮುರಿದ ಸೇತುವೆಗಳ ಮೇಲೆ ಬೈಕನ್ನು ನಿಧಾನವಾಗಿ ಹತ್ತಿಸಿ ಇಳಿಸಬೇಕು. ಆಕ್ಸಿಲರೇಟರ್ ಕೂದಲೆಳೆಯಷ್ಟು ಹೆಚ್ಚಾದರೆ ಬೈಕು ಹಿಂದಕ್ಕೆ ಮಗುಚುತ್ತದೆ, ಕಡಿಮೆಯಾದರೆ ಜಾರಿ ಕೆಳಗೆ ಬರುತ್ತದೆ. ಕೀಬೋರ್ಡಿನಲ್ಲಿ ಇದು ಆಗುವುದಿಲ್ಲ. ಅದರ ಕೀಲಿಗೆ ಗೊತ್ತಿರುವುದು ಒತ್ತಿದೆ, ಬಿಟ್ಟೆ, ಅಷ್ಟೇ. ಹಾಗಾಗಿ ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಬೇಕಂತೆ.

ಐವತ್ತು ದಾಟಿದ ಗಂಡಸಿಗೆ ಇದ್ದಕ್ಕಿದ್ದಂತೆ ಬೈಕ್ ಆಟ ಯಾಕೆ? ಅದೂ ಈ ಗಂಡಸಿಗೆ?

ಸ್ವಲ್ಪ ಹಿಂದಿನದು ಹೇಳಬೇಕು. ಒಂದು ಮಳೆಗಾಲ ವಿಠ್ಠಲವಾಡಿಯ ಹತ್ತಿರ ಒದ್ದೆ ರಸ್ತೆಯಲ್ಲಿ ಇವರ ಬೈಕು ಜಾರಿತು. ಹಿಂದೆ ಕೂತಿದ್ದವಳು ನಾನು. ನನ್ನದು ಮೊಣಕಾಲು ತರಚಿದ್ದಷ್ಟೇ. ಇವರ ಬಲಗೈ ಮಾತ್ರ ಬೈಕಿನ ಕೆಳಗೆ ಸಿಕ್ಕಿತು. ಆಪರೇಶನ್ ಆಯಿತು, ಬೆರಳುಗಳು ಉಳಿದವು. ಆದರೆ ತೋರುಬೆರಳಿಗೂ ನಡುಬೆರಳಿಗೂ ಅಳತೆ ಮರೆತುಹೋಯಿತು. ಶರ್ಟಿನ ಗುಂಡಿ ಹಾಕಲು ಎಡಗೈಯೇ ಬೇಕು. ಲೋಟ ಹಿಡಿದರೆ ಒಂದೋ ಗಟ್ಟಿ, ಇಲ್ಲವೋ ಕೆಳಗೆ. ವ್ಯಾಯಾಮಕ್ಕೆಂದು ಡಾಕ್ಟರು ಕೊಟ್ಟ ಮೆತ್ತನೆಯ ಚೆಂಡು ಮಂಚದ ಕೆಳಗೆ ಧೂಳು ತಿಂದಿತು. ಬೈಕನ್ನು ಕಳಂಬೋಲಿಯ ಗುಜರಿಯವನಿಗೆ ಕೊಟ್ಟೆ ಎಂದರು. ಅವತ್ತು ಪೇಡೆಯನ್ನೂ ತಂದಿದ್ದರು. ನನಗೆ ಖುಷಿಯಾಗಲಿ ಅಂತ.

ಈಗ ಈ ಆಟ. ಸಂಶಯ ಬರಬಾರದೆಂದರೆ ಹೇಗೆ?

ಥಾಣೆ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಅಂಗಡಿ. ಮಾಲೀಕರು ನಮ್ಮದೇ ವಯಸ್ಸಿನವರು. ನಾಲ್ಕಾರು ಡಬ್ಬಿಗಳನ್ನು ಕೌಂಟರಿನ ಮೇಲೆ ಹರಡಿ, "ಸಬ್ ಓರಿಜಿನಲ್ ಹೈ ಮ್ಯಾಡಮ್" ಎಂದರು. ನಾನು ಕೇಳುವುದಕ್ಕೆ ಮೊದಲೇ! ಕೇಳದೆ ಪ್ರಮಾಣ ಮಾಡುವವರನ್ನು ನಾನು ನಂಬುವುದಿಲ್ಲ.

ಯಜಮಾನರು ಮನೆಯಲ್ಲೇ ಆನ್‌ಲೈನ್ ರಿವ್ಯೂಗಳನ್ನೆಲ್ಲ ಓದಿಕೊಂಡು ಬಂದಿದ್ದರು. (ಐದು ಸ್ಟಾರ್ ಕೊಟ್ಟವನು ಮಾರುವವನ ಭಾವಮೈದುನನಲ್ಲ ಅಂತ ಏನು ಗ್ಯಾರಂಟಿ?) ಕಂಟ್ರೋಲರಿನ ಹಿಂಬದಿಯಲ್ಲಿ ತೋರುಬೆರಳು ಕೂರುವ ಕಡೆ ಒಂದು ಗುಂಡಿ ಇರುತ್ತದೆ. ಟ್ರಿಗರ್ ಎನ್ನುತ್ತಾರೆ. ಬಲಗಡೆಯದೇ ಆಕ್ಸಿಲರೇಟರ್. ಮೊದಲನೆಯದನ್ನು ಒತ್ತಿ ನೋಡಿ ಬದಿಗಿಟ್ಟರು. ಅದು ಲೈಟಿನ ಸ್ವಿಚ್ಚಿನ ಹಾಗೆ ಟಕ್ ಎನ್ನುತ್ತಿತ್ತು. ಎರಡನೆಯದು ವೈರ್‌ಲೆಸ್. ಒತ್ತುವುದಕ್ಕೂ ಬೈಕು ಓಡುವುದಕ್ಕೂ ನಡುವೆ ತಡವಾಗುತ್ತದೆ ಎಂಬ ಗುಮಾನಿ ಇವರಿಗೆ. ಬ್ಯಾಟರಿ ನಡುವೆ ಕೈಕೊಡುತ್ತದೆ ಎಂಬ ಗುಮಾನಿ ನನಗೆ. ಮೂರನೆಯದರ ಟ್ರಿಗರ್ ಬೆಣ್ಣೆಯ ಹಾಗೆ ಒಳಗೆ ಹೋಗುತ್ತಿತ್ತು. "ಬೆಸ್ಟ್ ಪೀಸ್" ಎಂದರು ಮಾಲೀಕರು.

ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಅದೇ ಥರದ ಬೈಕ್ ಆಟ ಹಾಕಿಕೊಟ್ಟರು. ಯಜಮಾನರು ಒತ್ತಿದರು. ಬೈಕು ಮಗುಚಿತು. ಮತ್ತೆ ಒತ್ತಿದರು, ಮತ್ತೆ ಮಗುಚಿತು. ಕಂಟ್ರೋಲರ್ ಬದಲಾಯಿಸಿದರು. ಅದರಲ್ಲೂ ಅದೇ ಕಥೆ.

"ಇದ್ರಲ್ಲಿ ಎಂತದೋ ಫಾಲ್ಟ್ ಉಂಟು" ಎಂದು ನನಗೆ ಹೇಳಿದರು. ಆಮೇಲೆ ಹಿಂದಿಯಲ್ಲಿ ಮಾಲೀಕರಿಗೂ ಅದನ್ನೇ ಹೇಳಿದರು.

ಮಾಲೀಕರು ಅದೇ ಕಂಟ್ರೋಲರ್ ತೆಗೆದುಕೊಂಡರು, ಅದೇ ಹಲಗೆಯ ಮೇಲೆ ಬೈಕನ್ನು ಬೆಕ್ಕಿನ ಹಾಗೆ ಹತ್ತಿಸಿ ಇಳಿಸಿದರು.

ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ನಿಂತಿದ್ದರು. ಯಜಮಾನರು ಬಲಗೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದರು. ಕಿವಿ ಕೆಂಪಾಗಿತ್ತು.

ನಾನು ಡಬ್ಬಿ ಕೈಗೆತ್ತಿಕೊಂಡೆ. ಕನ್ನಡಕ ಏರಿಸಿ, ಅಕ್ಷರ ಅಕ್ಷರ ಓದಿದೆ. "ಸ್ಪೆಲಿಂಗ್ ಗಲತ್ ಹೈ. ಡೂಪ್ಲಿಕೇಟ್ ಮಾಲು. ನಡೀರಿ, ಬೇರೆ ಕಡೆ ನೋಡೋಣ" ಎಂದೆ. ಮಾಲೀಕರು ಹಿಂದಿನಿಂದ ಕೂಗುತ್ತಲೇ ಇದ್ದರು. ಪಾಪ, ಸ್ಪೆಲಿಂಗ್ ಸರಿಯಾಗಿಯೇ ಇತ್ತು.

ವಾಪಸು ಬರುವಾಗ ಡೊಂಬಿವಲಿಯಲ್ಲಿ ಇಳಿಯಲಿಲ್ಲ. "ಕಲ್ಯಾಣದಲ್ಲಿ ಒಂದು ಅಂಗಡಿ ಇದೆಯಲ್ಲ, ಅಲ್ಲೂ ನೋಡಿಬಿಡೋಣ" ಎಂದವಳು ನಾನೇ. ಯಾಕೆ ಹೇಳಿದೆನೋ! ಜೇಬಿನೊಳಗಿದ್ದ ಆ ಕೈ ನೋಡಿದ್ದಕ್ಕಿರಬೇಕು.

ಕಲ್ಯಾಣದಲ್ಲಿ ಸಿಕ್ಕಿದ್ದು ನೋಡಲು ಒರಟು, ವೈರ್ ಇರುವ ಕಂಟ್ರೋಲರ್. ಟ್ರಿಗರಿನ ಸ್ಪ್ರಿಂಗ್ ಗಟ್ಟಿ, ಒತ್ತಿದಷ್ಟೂ ಬೆರಳನ್ನು ವಾಪಸು ತಳ್ಳುತ್ತಿತ್ತು. ಯಾರಿಗೂ ಬೇಡವಾದ ಪೀಸ್ ಎಂದು ಅಂಗಡಿಯವರೇ ಒಪ್ಪಿಕೊಂಡರು. (ಕೊನೆಗೂ ಒಬ್ಬ ನಂಬಬಹುದಾದ ವ್ಯಾಪಾರಿ!) ಇವರು ಒತ್ತಿದರು. ಬೈಕು ಹಲಗೆ ಹತ್ತಿತು, ಇನ್ನೊಂದು ಹಲಗೆಯವರೆಗೂ ಹೋಗಿ ಆಮೇಲೆ ಬಿತ್ತು.

"ಇದ್ರಲ್ಲಿ ಬೆರಳಿಗೆ ಗೊತ್ತಾಗ್ತದೆ, ಎಷ್ಟು ಒತ್ತಿದ್ದೇನೆ ಅಂತ" ಎಂದರು. ಆ ದನಿ ಆಟಿಕೆ ಕೊಳ್ಳುವವರದ್ದಾಗಿರಲಿಲ್ಲ.

ಅಲ್ಲಿಂದ ಮುಂದೆ ಆಫೀಸಿನಿಂದ ಬಂದವರೇ ಚಹಾ ಕುಡಿದು ಕಂಪ್ಯೂಟರಿನ ಮುಂದೆ. ಮೊದಮೊದಲು ಬರೀ ಬೀಳುವ ಸದ್ದು. ಬರಬರುತ್ತಾ ಅದು ಕಡಿಮೆಯಾಯಿತು. ಒಂದು ಬೆಳಿಗ್ಗೆ ನೋಡಿದರೆ ಶರ್ಟಿನ ಗುಂಡಿಯನ್ನು ಬಲಗೈಯಲ್ಲೇ ಹಾಕಿಕೊಳ್ಳುತ್ತಿದ್ದಾರೆ! ನಾನು ನೋಡಿಯೂ ನೋಡದವಳಂತೆ ಒಳಗೆ ಹೋದೆ.

ನನಗೆ ಖುಷಿಯಾಗಬೇಕಿತ್ತು ತಾನೇ? ಆಯಿತು. ಅದರ ಬೆನ್ನಿಗೇ ಭಯವೂ ಆಯಿತು. ಯಾಕೆಂದರೆ ಆಟದಲ್ಲಿ ಗೆದ್ದಾಗ ಇವರು ಪರದೆ ನೋಡುತ್ತಿರಲಿಲ್ಲ, ಬೆರಳು ನೋಡಿಕೊಳ್ಳುತ್ತಿದ್ದರು. ಬೈಕಿನಲ್ಲಿ ಬಲಗೈಯ ಬೆರಳು ಎಲ್ಲಿರುತ್ತದೆ ಹೇಳಿ? ಬ್ರೇಕಿನ ಮೇಲೆ.

ಒಂದು ಭಾನುವಾರ "ವಾಕಿಂಗ್ ಹೋಗಿ ಬರ್ತೇನೆ" ಎಂದರು. ಕಾಲಲ್ಲಿ ಆಫೀಸಿನ ಬೂಟು. ಬೂಟು ಹಾಕಿ ವಾಕಿಂಗ್? ಹಿಂದೆಯೇ ಹೊರಟೆ. ಸ್ಟೇಷನ್ ಸೇತುವೆಯ ಮೇಲಿಂದ ನೋಡಿದರೆ, ಬದಲಾಪುರ ಲೋಕಲ್ ಬರುವ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಿದ್ದಾರೆ. ಅವರು ಜನರಲ್ ಡಬ್ಬಿ ಹತ್ತಿದರು, ನಾನು ಲೇಡೀಸ್. ಬದಲಾಪುರದಲ್ಲಿ ಅವರೊಂದು ರಿಕ್ಷಾ ಹಿಡಿದರು. ನಾನು ಇನ್ನೊಂದು ಹತ್ತಿ, "ಭೈಯ್ಯಾ, ಉಸ್ ರಿಕ್ಷಾ ಕೇ ಪೀಛೇ" ಎಂದೆ. ರಿಕ್ಷಾದವನ ಮುಖ ಅರಳಿತು. ಇಂಥ ಸವಾರಿ ಅವನಿಗೂ ದಿನಾ ಸಿಗುವುದಿಲ್ಲವಲ್ಲ!

ಶೆಟ್ಟರ ಹೋಟೆಲಿನ ಹಿಂದೆ ಖಾಲಿ ಪ್ಲಾಟ್. ಶೆಟ್ಟರು ತಾಡಪಾಲು ಎಳೆಯುತ್ತಿದ್ದರು. ಅದರ ಕೆಳಗೆ ನಮ್ಮ ಬೈಕು! ಅದೇ ನಂಬರು, ಟ್ಯಾಂಕಿನ ಮೇಲೆ ಅದೇ ತಗ್ಗು. ಗುಜರಿಗೆ ಹೋಗಿ ಪೇಡೆಯಾಗಿ ಬಂದಿದ್ದ ಬೈಕು.

ನನ್ನನ್ನು ಕಂಡ ಶೆಟ್ಟರು ತಾಡಪಾಲನ್ನು ಮತ್ತೆ ಹೊದಿಸಲು ಹೋದರು. "ಇರಲಿ ಬಿಡಿ ಶೆಟ್ರೇ" ಎಂದೆ. "ಚಹಾ ಹೇಳಿ ಬರ್ತೇನೆ ಅಕ್ಕಾ" ಎಂದು ಹೋದವರು ಆ ಕಡೆಯೇ ಮಾಯ.

"ಮಾರಿದೆ ಅಂದ್ರಲ್ಲ?" ಎಂದೆ.

"ಕಳಂಬೋಲಿವರೆಗೆ ಹೋದದ್ದು ಹೌದು. ಕೊಡ್ಲಿಕ್ಕೆ ಮನಸ್ಸಾಗ್ಲಿಲ್ಲ."

"ಆ ಆಟ ಇದಕ್ಕೇನಾ?"

"ಕೈ ಸರಿಯಾಯ್ತಾ ಇಲ್ವಾ ಅಂತ ರಸ್ತೆಯಲ್ಲಿ ನೋಡ್ಲಿಕ್ಕೆ ಆಗ್ತದಾ? ಅದ್ರಲ್ಲಿ ಬಿದ್ರೆ ಯಾರಿಗೂ ಪೆಟ್ಟಾಗುದಿಲ್ಲ." ಬಲಗೈಯನ್ನು ನನ್ನ ಮುಂದೆ ಚಾಚಿದರು. "ನಿನ್ನನ್ನು ಬೀಳಿಸಿದ ಕೈ ಇದು. ಹಾಗೇ ಬಿಟ್ಟುಬಿಡುದು ಹೇಗೆ?"

ಹೇಳಲು ತಯಾರಿ ಮಾಡಿಕೊಂಡು ಬಂದ ಮಾತೋ, ಆಗ ಬಾಯಿಗೆ ಬಂದದ್ದೋ? ಮುಖ ನೋಡಿದೆ, ತಿಳಿಯಲಿಲ್ಲ. ಅವತ್ತು ವಿಠ್ಠಲವಾಡಿಯಲ್ಲಿ ಇವರ ಕೈ ಬೈಕಿನ ಕೆಳಗಿತ್ತು. ಆಗಲೂ "ನಿಂಗೆ ತಾಗಿತಾ, ನಿಂಗೆ ತಾಗಿತಾ" ಎಂದು ನನ್ನನ್ನೇ ಕೇಳುತ್ತಿದ್ದರು.

"ಈ ಪ್ಲಾಟ್ ದಾಟಿ ಹೊರಗೆ ಹೋಗಬಾರದು" ಎಂದೆ. "ನಾನಿಲ್ಲದೆ ಇಲ್ಲಿಗೂ ಬರಬಾರದು."

ಹೆಲ್ಮೆಟ್ ಹಾಕಿಕೊಂಡರು. ಬೈಕು ಕೆಮ್ಮಿ ಕೆಮ್ಮಿ ಶುರುವಾಯಿತು. ಕಲ್ಲು, ಹುಲ್ಲು, ಗುಂಡಿಗಳ ನಡುವೆ ಒಂದು ಸುತ್ತು ಬಂದರು. ನಾನು ದುಪ್ಪಟ್ಟದ ತುದಿ ಹಿಂಡುತ್ತಾ ನಿಂತಿದ್ದೆ. ನನ್ನ ಮುಂದೆ ಬಂದು ಬೆರಳಿನಲ್ಲಿ ಬ್ರೇಕ್ ಹಿಡಿದರು. ಬೈಕು ಮುಗ್ಗರಿಸಲಿಲ್ಲ, ನುಣ್ಣಗೆ ನಿಂತಿತು. ಹಿಂದಿನ ಸೀಟು ತಟ್ಟಿ "ಬಾ" ಎಂದರು. ನಾನು ಹೋಗಲಿಲ್ಲ. ಇನ್ನೂ ಧೈರ್ಯ ಬಂದಿಲ್ಲ.

ಅಲ್ಲಿಂದೀಚೆಗೆ ಭಾನುವಾರಗಳಲ್ಲಿ ಇಬ್ಬರೂ ಒಟ್ಟಿಗೇ ಬದಲಾಪುರಕ್ಕೆ ಹೋಗುತ್ತಿದ್ದೇವೆ. ಅವರು ಸುತ್ತು ಹೊಡೆಯುತ್ತಾರೆ, ನಾನು ಶೆಟ್ಟರ ಚಹಾ ಹಿಡಿದು ಕಾವಲು ನಿಲ್ಲುತ್ತೇನೆ. ಪ್ರತಿ ಸಲವೂ ಅದೇ ನಿಧಾನ, ಅದೇ ಜಾಗ್ರತೆ. ಶೆಟ್ಟರಂತೂ "ಇನ್ನು ರಸ್ತೆಗೆ ಇಳಿಸ್ಬಹುದು ಅಕ್ಕಾ" ಎಂದು ಶಿಫಾರಸು ಶುರುಮಾಡಿದ್ದಾರೆ.

ಒಂದೇ ಒಂದು ಸಂಶಯ ಉಳಿದಿದೆ, ನೀವೇ ಹೇಳಿ: ಇವರು ಅಷ್ಟು ಹುಷಾರಾಗಿ ಓಡಿಸುವುದು ಕೈ ಸರಿಯಾಗಿದ್ದಕ್ಕೋ, ನಾನು ನೋಡುತ್ತಾ ನಿಂತಿರುವುದಕ್ಕೋ?