ಯೋಚಿಸುವ ಯಂತ್ರದ ಕಮ್ಮಟ

ಬಬಲೇಶ್ವರದ ಗಣಿತ ಮಾಸ್ತರ ಲಾಡಲೇಸಾಬರಿಗೆ ಯಾವ ಸಮಾರಂಭವೂ ಸೇರುತ್ತಿರಲಿಲ್ಲ. ಹಾರ-ತುರಾಯಿ ಕಂಡರೆ ಮುಖ ಕಿವುಚುವುದು, ಭಾಷಣ ಶುರುವಾದರೆ ಪಕ್ಕದವರ ಕಿವಿಯಲ್ಲಿ ಆಡಿಕೊಳ್ಳುವುದು ಅವರ ಜಾಯಮಾನ. ೧೯೭೬ರಲ್ಲಿ ವಿಜಾಪುರದ ಕಾಲೇಜೊಂದು ‘ಯೋಚಿಸುವ ಯಂತ್ರ’ಗಳ ಬಗ್ಗೆ ಕಮ್ಮಟ ಇಟ್ಟಾಗಲೂ ಬಸ್ಸು ಹಿಡಿದು ಹೋದರು, ಆಡಿಕೊಳ್ಳಲಿಕ್ಕೇ.

ಅಲ್ಲಿ ಯಂತ್ರವಿರಲಿಲ್ಲ. ಉಪನ್ಯಾಸ ಕೊಡಬೇಕಿದ್ದ ಪುಣೆಯ ಪ್ರೊಫೆಸರರು ಬರುವುದಿಲ್ಲವೆಂದು ಕಾಲೇಜಿನವರು ಬೆಳಿಗ್ಗೆಯೇ ವೇದಿಕೆಯಿಂದ ಸಾರಿದ್ದರು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನಗಳಲ್ಲೇ ಮಧ್ಯಾಹ್ನವಾಯಿತು. ಕೊನೆಗೆ ವಂದನಾರ್ಪಣೆಗೆ ಎದ್ದ ಉಪನ್ಯಾಸಕ ಶಂಕರೆಪ್ಪ, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು: “ಪುಣೆಯಿಂದ ಆಗಮಿಸಿ ನಮ್ಮನ್ನೆಲ್ಲ ಚಿಂತನೆಗೆ ಹಚ್ಚಿದ ಪ್ರೊಫೆಸರರಿಗೆ ಅನಂತ ವಂದನೆಗಳು!”

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು.

ಲಾಡಲೇಸಾಬರು ಪಕ್ಕದಲ್ಲಿದ್ದ ಜೈನಾಪುರದ ಮಾಸ್ತರ ತುಕಾರಾಮನ ಕಡೆ ಬಾಗಿದರು. “ಯಂತ್ರಕ್ಕ ಬುದ್ಧಿ ಕಲಸಾಕ ಹೊಂಟಾವ ನೋಡ್ರಿ ಇವು! ಬಾರದವಗ ಕೀಲಿ ಕೊಟ್ಟ ಗೊಂಬಿಹಂಗ ಚಪ್ಪಾಳಿ ಹೊಡ್ಯಾಕತ್ತಾವ.”

“ಖರೇ ಅದರಿ ಸರ,” ಎಂದ ತುಕಾರಾಮ. “ಮೊದಲ ನಿಮ್ಮ ಕೈ ನಿಲ್ಲಸ್ರಿ.”